ಡಾಕ್ಟರರ ಪ್ರಶ್ನೆ, ಮನೆಯ ಬಂದೂಕು

"ಮನೆಯಲ್ಲಿ ಬಂದೂಕು ಇದೆಯೇ?" ಮಕ್ಕಳನ್ನು ತಪಾಸಣೆಗೆ ಕರೆದೊಯ್ದಾಗ ಅಮೆರಿಕದ ಡಾಕ್ಟರರು ಹೀಗೆ ಕೇಳುವುದುಂಟು. ಈಜುಕೊಳದ ಬಗ್ಗೆ ಕೇಳುವಂತೆ ಇದೂ ಸುರಕ್ಷತೆಯ ಪ್ರಶ್ನೆ.

2010ರಲ್ಲಿ ಫ್ಲಾರಿಡಾದ ಓಕಾಲಾ ಊರಿನ ತಾಯಿಯೊಬ್ಬರು ಉತ್ತರಿಸಲು ಒಪ್ಪಲಿಲ್ಲ. ಬೇರೆ ಡಾಕ್ಟರರನ್ನು ನೋಡಿಕೊಳ್ಳಿ ಎಂದರು ಮಕ್ಕಳ ವೈದ್ಯರು. ಸುದ್ದಿ ಶಾಸನಸಭೆಯನ್ನು ಮುಟ್ಟಿತು. ಚಿಕಿತ್ಸೆಗೋ ಸುರಕ್ಷತೆಗೋ ಸಂಬಂಧಿಸದಿದ್ದರೆ ಹೀಗೆ ಕೇಳಬಾರದು, ಉತ್ತರವನ್ನು ದಾಖಲಿಸಬಾರದು ಎಂದು 2011ರಲ್ಲಿ ಕಾನೂನಾಯಿತು. ತಪ್ಪಿದರೆ ಲೈಸೆನ್ಸಿಗೇ ಸಂಚಕಾರ!

ವೈದ್ಯರು ಕೋರ್ಟಿಗೆ ಹೋದರು. 2017ರ ಫೆಬ್ರವರಿಯಲ್ಲಿ ಅಟ್ಲಾಂಟಾದ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಇದು ವಾಕ್‌ಸ್ವಾತಂತ್ರ್ಯಕ್ಕೆ ಧಕ್ಕೆಯೆಂದು ಆ ನಿರ್ಬಂಧಗಳನ್ನು ರದ್ದುಮಾಡಿತು. ಬಂದೂಕು ಇಟ್ಟುಕೊಂಡವರಿಗೆ ಭೇದ ಮಾಡಬಾರದೆಂಬ ಭಾಗ ಮಾತ್ರ ಉಳಿಯಿತು.

ಡಾಕ್ಟರರು ಕೇಳಬಹುದು; ನಾವು ಹೇಳದೆಯೂ ಇರಬಹುದು. ಆದರೆ ನಮ್ಮ ಮನೆಯಲ್ಲಿ ಬಂದೂಕು ಇಲ್ಲದಿದ್ದರೂ ಮಕ್ಕಳು ಆಡಲು ಹೋಗುವ ಮನೆಯಲ್ಲಿ ಇರಬಹುದಲ್ಲ? ವಿಚಾರಿಸಲು ಸಂಕೋಚ ಬೇಡ.