ನಿರಪರಾಧಿಯ ಖರ್ಚು

ಕೋಲಾರದ ಚಿನ್ನದ ಗಣಿಗಳನ್ನು 1880ರ ದಶಕದಿಂದ ನಡೆಸಿದ ಜಾನ್ ಟೇಲರ್ ಕಂಪನಿಗೆ ಬಂಡೆ ಸಿಡಿಯುವ ಭಯಕ್ಕಿಂತ ಕಳವಿನ ಭಯವೇ ಹೆಚ್ಚಾಗಿತ್ತೋ ಏನೋ! ಮೈಸೂರು ಗಣಿ ಕಾಯಿದೆಯೂ ಅದಕ್ಕೆ ತಕ್ಕಂತಿತ್ತು. ಚಿನ್ನ ಬೆರೆತ ಪದಾರ್ಥ ಒಬ್ಬನ ಬಳಿ ಸಿಕ್ಕಿತೆಂದರೆ, ಅದು ಎಲ್ಲಿಂದ ಬಂತೆಂದು ತೃಪ್ತಿಕರವಾಗಿ ಹೇಳುವ ಹೊರೆ ಅವನದೇ. ಹಗೆಯವನೊಬ್ಬ ಅಂಥ ಚೂರೊಂದನ್ನು ಕೂಲಿಲೈನಿನ ಗುಡಿಸಲಿಗೆ ಎಸೆದು ಹೋದನೆಂದಿಟ್ಟುಕೊಳ್ಳಿ. ಕಂಪನಿಯ ಮನೆಯಲ್ಲಿದ್ದವನಿಗೆ ಜಮೀನೆಲ್ಲಿ? ಜಾಮೀನಿಗಾಗಿ ಬಂಗಾರಪೇಟೆಯ ಕಡೆಯ ಹಳ್ಳಿಗಳಲ್ಲಿ ಆಸ್ತಿವಂತನನ್ನು ಹುಡುಕಬೇಕು. ವಕೀಲರ ಫೀಜು, ವಕಾಲತ್ತಿನ ಸ್ಟಾಂಪು, ಸಾಕ್ಷಿಗಳ ದಾರಿಖರ್ಚು ಹೊಂದಿಸಬೇಕು. ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಹೋಗುತ್ತದೆ. ಆರೋಪಿ ಖುಲಾಸೆಯಾದರೂ ಸಾಲ ಖುಲಾಸೆಯಾಗದು. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

1930ರ ಏಪ್ರಿಲಿನಲ್ಲಿ ಕೆಲಸಗಾರರ ಬೆರಳಚ್ಚು ತೆಗೆಯಲು ಹೊರಟಾಗ ಗಣಿಗಳು ಸುಮಾರು ಮೂರು ವಾರ ಸ್ತಬ್ಧವಾದವು. ಕಳ್ಳರಂತೆ ಗುರುತು ಕೊಡೆವೆಂಬುದೇ ಹಟ. ಕೊನೆಗೆ ಕಂಪನಿಯೇ ಹಿಂದೆಗೆಯಿತು. ವಕೀಲರಿಗೆ ತೆರಲು ಹಣವಿಲ್ಲದವರು ಮೊದಲೇ ಕೂಲಿಯನ್ನು ಪಣವಿಟ್ಟರೆಂದು ನನ್ನ ಎಣಿಕೆ.

ಸುಳ್ಳು ದೂರಿಗೆ ಪರಿಹಾರವೇ ಇರಲಿಲ್ಲವೆ? ಉಂಟು. 1898ರ ದಂಡ ಪ್ರಕ್ರಿಯಾ ಸಂಹಿತೆಯ 250ನೆಯ ಕಲಮಿನಂತೆ, ಕಾರಣವಿಲ್ಲದೆ ದೂರಿತ್ತವನಿಂದ ಪರಿಹಾರ ಕೊಡಿಸಬಹುದಾಗಿತ್ತು. ಆದರೆ ಮೊಬಲಗಿಗೆ ಮಿತಿ ಹಾಕಿತ್ತು. ತಗಲಿದ ವೆಚ್ಚವೆಷ್ಟೆಂಬುದು ಅದಕ್ಕೆ ಅಳತೆಗೋಲಾಗಿರಲಿಲ್ಲ.

ಪರಿಶಿಷ್ಟ ಜಾತಿಯವರಿಗೂ ಕೈಗಾರಿಕಾ ಕೆಲಸಗಾರರಿಗೂ ಉಚಿತ ವಕೀಲರ ಹಕ್ಕನ್ನು ಕೊಟ್ಟದ್ದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ. ಗಣಿಯೊಳಗೆ ಇಳಿಯುತ್ತಿದ್ದವರಲ್ಲಿ ಬಹುಪಾಲು ಈ ಎರಡೂ ಗುಂಪಿಗೆ ಸೇರಿದವರೇ. ಕಾಯಿದೆ ಜಾರಿಗೆ ಬಂದದ್ದು 1995ರ ನವೆಂಬರಿನಲ್ಲಿ. ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು.