ಸರಕಾರಿ ಉಡಾವಣಾ ಕೇಂದ್ರಗಳಲ್ಲಿ ಖಾಸಗಿ ರಾಕೆಟ್: ವೇದಿಕೆ ಕಂಪೆನಿಯದು, ಹೊಣೆ ದೇಶದ್ದು

ಭಾರತದ ಮೊದಲ ಉಪಗ್ರಹ 'ಆರ್ಯಭಟ' ಭಾರತದ ನೆಲದಿಂದ ಹಾರಲಿಲ್ಲ. ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಜನಿಸಿದ ಪ್ರೊ. ಯು.ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ ಸಿದ್ಧಗೊಂಡ 360 ಕೆ.ಜಿ. ತೂಕದ ಈ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್ ಕೇಂದ್ರದಿಂದ ಉಡಾಯಿಸಲಾಯಿತು. ಅಂದು ಬೇರೆಯವರ ಉಡಾವಣಾ ಕೇಂದ್ರವನ್ನು ಆಶ್ರಯಿಸಿದ್ದ ಭಾರತ ಇಂದು ತನ್ನ ಕೇಂದ್ರವನ್ನು ಖಾಸಗಿ ಕಂಪೆನಿಗಳಿಗೆ ತೆರೆದಿದೆ. ಸಾರ್ವಜನಿಕರ ಹಣದಿಂದ ಕಟ್ಟಿದ ಈ ಸೌಲಭ್ಯವನ್ನು ಯಾವ ಷರತ್ತಿನ ಮೇಲೆ ಕೊಡಬೇಕು ಎಂಬುದೇ ಈಗಿನ ಪ್ರಶ್ನೆ.

ಪೂರ್ವ ಕರಾವಳಿಯೇ ಏಕೆ?

ರಾಕೆಟ್ ನಿಲ್ಲುವ ವೇದಿಕೆ ಉಡಾವಣಾ ಕೇಂದ್ರದ ಒಂದು ಸಣ್ಣ ಭಾಗ ಮಾತ್ರ. ಹಾದಿಯನ್ನು ಗಮನಿಸುವ ರಾಡಾರ್‌ಗಳು, ಇಂಧನ ಸಂಗ್ರಹಾಗಾರ, ನಿಯಂತ್ರಣ ಕೊಠಡಿ, ದಾರಿ ತಪ್ಪಿದ ರಾಕೆಟನ್ನು ಆಕಾಶದಲ್ಲೇ ನಾಶಗೊಳಿಸುವ ಸುರಕ್ಷಾ ವ್ಯವಸ್ಥೆ ಇವೆಲ್ಲವೂ ಅಗತ್ಯ. ಉಡಾವಣೆಯ ಸಮಯದಲ್ಲಿ ವಿಮಾನಗಳಿಗೂ ಮೀನುಗಾರಿಕಾ ದೋಣಿಗಳಿಗೂ ಮುನ್ನೆಚ್ಚರಿಕೆ ನೀಡಿ ನಿಗದಿತ ವಲಯವನ್ನು ತೆರವುಗೊಳಿಸಬೇಕು.

ಕಾಪು, ಮಲ್ಪೆಯ ಕಡಲತೀರಗಳು ಇದಕ್ಕೆ ಏಕೆ ಒದಗುವುದಿಲ್ಲ ಎಂಬ ಕುತೂಹಲ ಸಹಜ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಪೂರ್ವಾಭಿಮುಖವಾಗಿ ಹಾರುವ ರಾಕೆಟ್‌ಗೆ ಹೆಚ್ಚುವರಿ ವೇಗ ದೊರೆಯುತ್ತದೆ. ಪಶ್ಚಿಮ ಕರಾವಳಿಯಿಂದ ಹಾಗೆ ಹಾರಿಸಿದರೆ ಕಳಚಿದ ಹಂತಗಳು ಜನವಸತಿಯ ಮೇಲೆ ಬೀಳುವ ಅಪಾಯವಿದೆ. ಪೂರ್ವ ಕರಾವಳಿಯಲ್ಲಿ ಅವು ಬಂಗಾಳ ಕೊಲ್ಲಿಗೆ ಬೀಳುತ್ತವೆ.

ತುಂಬಾದ ಮಾದರಿ

ಉಡಾವಣಾ ಕೇಂದ್ರವನ್ನು ಇತರರಿಗೆ ತೆರೆದಿಡುವ ಪದ್ಧತಿ ಭಾರತಕ್ಕೆ ಹೊಸದಲ್ಲ. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಹಾರಿದ ಮೊದಲ ರಾಕೆಟ್ ಅಮೆರಿಕದ 'ನೈಕಿ-ಅಪಾಚೆ'. ಭೂಕಾಂತೀಯ ಸಮಭಾಜಕಕ್ಕೆ ಸಮೀಪವಿರುವ ಆ ಸ್ಥಳವನ್ನು 1968ರ ಫೆಬ್ರವರಿ 2ರಂದು ವಿಶ್ವಸಂಸ್ಥೆಗೆ ಸಮರ್ಪಿಸಲಾಯಿತು. ಆದರೆ ಅಲ್ಲಿದ್ದುದು ವೈಜ್ಞಾನಿಕ ಸಹಕಾರ, ವ್ಯಾಪಾರವಲ್ಲ.

ಶ್ರೀಹರಿಕೋಟಾದ ಹೊಸ ಅಧ್ಯಾಯ

ಆಂಧ್ರಪ್ರದೇಶದ ಶ್ರೀಹರಿಕೋಟಾದಲ್ಲಿ ಮೊದಲ ರಾಕೆಟ್ ಹಾರಿದ್ದು 1971ರ ಅಕ್ಟೋಬರ್ 9ರಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಸತೀಶ್ ಧವನ್ ಅವರ ಹೆಸರನ್ನು 2002ರಲ್ಲಿ ಕೇಂದ್ರಕ್ಕೆ ಇಡಲಾಯಿತು. ಎಸ್‌ಎಲ್‌ವಿ-3 ಹಾಗೂ ಎಎಸ್‌ಎಲ್‌ವಿ ರಾಕೆಟ್‌ಗಳ ಕಾಲ 1994ಕ್ಕೆ ಮುಗಿದು, ಅವುಗಳ ವೇದಿಕೆಗೆ ಉಪಗ್ರಹ ಉಡಾವಣೆಯ ಕೆಲಸ ಉಳಿಯಲಿಲ್ಲ. ಬಳಕೆಯಲ್ಲಿರುವ ದೊಡ್ಡ ವೇದಿಕೆಗಳಿಗೂ ಬಿಡುವಿಲ್ಲದ ಕೆಲಸವಿದೆ ಎನ್ನುವಂತಿಲ್ಲ. ಕಕ್ಷೆಯತ್ತ ಹಾರಿದ ರಾಕೆಟ್‌ಗಳು 2023ರಲ್ಲಿ 7, 2024ರಲ್ಲಿ 5 ಮಾತ್ರ. ಅಮೆರಿಕದ ಫ್ಲೋರಿಡಾದಲ್ಲಿ 2024ರೊಂದರಲ್ಲೇ 90ಕ್ಕೂ ಹೆಚ್ಚು ಉಡಾವಣೆಗಳು ನಡೆದವು.

2020ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಖಾಸಗಿಯವರಿಗೆ ಅನುಮತಿ ಮತ್ತು ಉತ್ತೇಜನ ನೀಡುವ 'ಇನ್-ಸ್ಪೇಸ್' ಸಂಸ್ಥೆಗೆ ಒಪ್ಪಿಗೆಯಿತ್ತಿತು. ಹೈದರಾಬಾದಿನ ಸ್ಕೈರೂಟ್ ಏರೋಸ್ಪೇಸ್ 2022ರ ನವೆಂಬರ್ 18ರಂದು ಶ್ರೀಹರಿಕೋಟಾದ ಸೌಂಡಿಂಗ್ ರಾಕೆಟ್ ಸಂಕೀರ್ಣದಿಂದ 'ವಿಕ್ರಮ್-ಎಸ್' ರಾಕೆಟನ್ನು ಹಾರಿಸಿತು. ಅದು 89.5 ಕಿ.ಮೀ. ಎತ್ತರ ತಲುಪಿತು. ಇದು ಇಸ್ರೋದ ಸೌಲಭ್ಯವನ್ನೇ ಬಳಸಿಕೊಂಡ ಮಾದರಿ. ಚೆನ್ನೈಯ ಅಗ್ನಿಕುಲ್ ಕಾಸ್ಮೋಸ್ ಇನ್ನೊಂದು ದಾರಿ ಹಿಡಿಯಿತು. ಕೇಂದ್ರದ ಆವರಣದೊಳಗೆ ಅದರದೇ ಆದ ವೇದಿಕೆ 2022ರ ನವೆಂಬರ್ 25ರಂದು ಉದ್ಘಾಟನೆಗೊಂಡಿತು. ನಾಲ್ಕು ಬಾರಿ ಮುಂದೂಡಲ್ಪಟ್ಟ ಬಳಿಕ 2024ರ ಮೇ 30ರಂದು ಅಲ್ಲಿಂದ ಮೊದಲ ಪ್ರಾಯೋಗಿಕ ರಾಕೆಟ್ ಮೇಲೇರಿತು.

ಶ್ರೀಹರಿಕೋಟಾದಿಂದ ದಕ್ಷಿಣಕ್ಕೆ ಹಾರುವ ರಾಕೆಟ್ ಶ್ರೀಲಂಕಾವನ್ನು ಬಳಸಿ ಹೋಗಬೇಕು. ಸಣ್ಣ ರಾಕೆಟ್‌ಗೆ ಈ ಸುತ್ತು ದುಬಾರಿ. ಈ ಕೊರತೆ ನೀಗಲು ತಮಿಳುನಾಡಿನ ಕುಲಶೇಖರಪಟ್ಟಿಣಂನಲ್ಲಿ ಎರಡನೇ ಕೇಂದ್ರಕ್ಕೆ 2024ರ ಫೆಬ್ರವರಿ 28ರಂದು ಶಂಕುಸ್ಥಾಪನೆ ನೆರವೇರಿತು.

ಅಮೆರಿಕದ ಪಾಠ

ಅಪೊಲೊ-11 ಹಾರಿದ ಕೆನಡಿ ಕೇಂದ್ರದ 39-ಎ ವೇದಿಕೆ 2011ರಲ್ಲಿ ಶಟಲ್ ಯಾನಗಳು ನಿಂತ ಮೇಲೆ ಬರಿದಾಯಿತು. ಅದನ್ನು ನಾಸಾ 2014ರಲ್ಲಿ 20 ವರ್ಷಗಳ ಗುತ್ತಿಗೆಗೆ ಸ್ಪೇಸ್‌ಎಕ್ಸ್‌ಗೆ ನೀಡಿತು. ಇದಕ್ಕೂ ಮುನ್ನ, ವೇದಿಕೆಯು ಒಂದೇ ಕಂಪೆನಿಗೆ ಮೀಸಲಾಗಬೇಕೋ ಹಲವರ ಬಳಕೆಗೆ ದೊರೆಯಬೇಕೋ ಎಂಬ ವಿಚಾರದಲ್ಲಿ ಬ್ಲೂ ಆರಿಜಿನ್ ತಕರಾರು ಎತ್ತಿತ್ತು. 2013ರ ಡಿಸೆಂಬರ್‌ನಲ್ಲಿ ಅದು ತಿರಸ್ಕೃತವಾಯಿತು.

ಅದೇ ಕರಾವಳಿಯ 40ನೇ ವೇದಿಕೆಯಲ್ಲಿ 2016ರ ಸೆಪ್ಟೆಂಬರ್ 1ರಂದು ಸ್ಪೇಸ್‌ಎಕ್ಸ್ ರಾಕೆಟ್ ಸ್ಫೋಟಿಸಿತು. ವೇದಿಕೆ ಮತ್ತೆ ಕೆಲಸಕ್ಕೆ ಬಂದದ್ದು 2017ರ ಡಿಸೆಂಬರ್‌ನಲ್ಲಿ. ಪಕ್ಕದಲ್ಲಿ 39-ಎ ಇದ್ದುದರಿಂದ ಕಂಪೆನಿ ಅಲ್ಲಿಯವರೆಗೂ ಕಾಯಬೇಕಾಗಲಿಲ್ಲ. ಒಂದೇ ವೇದಿಕೆಯನ್ನು ನೆಚ್ಚಿದ ಕಡೆ ಇಂತಹ ಅವಘಡ ಸಂಭವಿಸಿದರೆ ಎಲ್ಲರ ಸರದಿಯೂ ನಿಲ್ಲುತ್ತದೆ.

ನಷ್ಟ ತುಂಬುವವರು ಯಾರು?

1972ರ ಅಂತಾರಾಷ್ಟ್ರೀಯ ಹೊಣೆಗಾರಿಕೆ ಒಪ್ಪಂದದ ಪ್ರಕಾರ, ಬಾಹ್ಯಾಕಾಶ ವಸ್ತುವಿನಿಂದ ಬೇರೆ ದೇಶದ ನೆಲದಲ್ಲಿ ಹಾನಿಯಾದರೆ ಪರಿಹಾರದ ಹೊಣೆ ಉಡಾಯಿಸಿದ ರಾಷ್ಟ್ರದ್ದು. ಯಾರ ನೆಲದಿಂದ ರಾಕೆಟ್ ಹಾರಿತೋ ಆ ದೇಶವೂ ಈ ವ್ಯಾಖ್ಯೆಯೊಳಗೆ ಬರುತ್ತದೆ. ರಾಕೆಟ್ ಖಾಸಗಿಯದಾದರೂ ಭಾರತ ಸರಕಾರ ನುಣುಚಿಕೊಳ್ಳುವಂತಿಲ್ಲ. ಆದ್ದರಿಂದ ಕಂಪೆನಿಯ ವಿಮೆ ಎಷ್ಟಿರಬೇಕು, ಅದಕ್ಕೆ ಮೀರಿದ ನಷ್ಟವನ್ನು ಬೊಕ್ಕಸ ಎಷ್ಟರಮಟ್ಟಿಗೆ ಹೊರಬೇಕು ಎಂಬುದು ತೆರಿಗೆದಾರನಿಗೆ ನೇರವಾಗಿ ಸಂಬಂಧಿಸಿದ ವಿಷಯ.

2023ರ ಭಾರತೀಯ ಬಾಹ್ಯಾಕಾಶ ನೀತಿಯು ಸಾರ್ವಜನಿಕ ವೆಚ್ಚದ ಸೌಲಭ್ಯಗಳನ್ನು ಸರಕಾರಿ ಹಾಗೂ ಖಾಸಗಿ ಬಳಕೆದಾರರಿಗೆ ಆದ್ಯತೆಯಂತೆ ಹಂಚುವ ಅಧಿಕಾರವನ್ನು ಇನ್-ಸ್ಪೇಸ್‌ಗೆ ವಹಿಸಿದೆ. ಉಡಾವಣಾ ವಾಹನ ಮತ್ತು ಉಡಾವಣಾ ಕೇಂದ್ರಗಳಲ್ಲಿ ಶೇ. 49ರವರೆಗೆ ವಿದೇಶಿ ನೇರ ಹೂಡಿಕೆಗೆ ಸ್ವಯಂಚಾಲಿತ ಮಾರ್ಗದಲ್ಲಿ ಅವಕಾಶ ನೀಡಲು 2024ರ ಫೆಬ್ರವರಿಯಲ್ಲಿ ಸಂಪುಟ ಒಪ್ಪಿತು. ಆದರೆ ನೀತಿ ಎಂಬುದು ಸಂಸತ್ತು ಅಂಗೀಕರಿಸಿದ ಕಾಯ್ದೆಯಲ್ಲ. ಬಾಹ್ಯಾಕಾಶ ಚಟುವಟಿಕೆಗಳ ಕರಡು ಮಸೂದೆ ಪ್ರಕಟವಾದದ್ದು 2017ರಲ್ಲಿ.

ಕರ್ನಾಟಕಕ್ಕೆ ಏನು?

ರಾಜ್ಯದಲ್ಲಿ ಉಪಗ್ರಹ ಉಡಾವಣಾ ಕೇಂದ್ರವಿಲ್ಲ. ಆದರೆ ಸೌಲಭ್ಯ ಹಂಚಿಕೆಯ ಉತ್ತಮ ನಿದರ್ಶನವೊಂದು ಇಲ್ಲಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯಿರುವ ಡಿಆರ್‌ಡಿಒದ ಪರೀಕ್ಷಾ ಕ್ಷೇತ್ರದಲ್ಲಿ ಇಸ್ರೋ ತನ್ನ ಮರುಬಳಕೆಯ ವಾಹನವನ್ನು 2023ರ ಏಪ್ರಿಲ್, 2024ರ ಮಾರ್ಚ್ ಹಾಗೂ ಜೂನ್ ತಿಂಗಳಲ್ಲಿ ಯಶಸ್ವಿಯಾಗಿ ಇಳಿಸಿತು. ಎಸ್‌ಎಸ್‌ಎಲ್‌ವಿ ರಾಕೆಟ್‌ನ ತಂತ್ರಜ್ಞಾನವನ್ನು ಪಡೆಯುವ ಸ್ಪರ್ಧೆಯಲ್ಲಿ 2025ರ ಜೂನ್‌ನಲ್ಲಿ 511 ಕೋಟಿ ರೂ.ಗಳ ಬಿಡ್‌ನೊಂದಿಗೆ ಗೆದ್ದದ್ದು ಬೆಂಗಳೂರಿನ ಎಚ್‌ಎಎಲ್. ಅದು ತಯಾರಿಸುವ ರಾಕೆಟ್‌ಗಳಿಗೂ, ಹೊಸ ಕಂಪೆನಿಗಳ ರಾಕೆಟ್‌ಗಳಿಗೂ ಬೇಕಿರುವುದು ಪೂರ್ವ ಕರಾವಳಿಯ ಇವೇ ವೇದಿಕೆಗಳು.

ಪ್ರೊ. ರಾವ್ ಇಸ್ರೋ ಅಧ್ಯಕ್ಷರಾಗಿದ್ದಾಗಲೇ, 1992ರಲ್ಲಿ, ವಾಣಿಜ್ಯ ವ್ಯವಹಾರಕ್ಕಾಗಿ ಆಂಟ್ರಿಕ್ಸ್ ಸಂಸ್ಥೆ ಸ್ಥಾಪನೆಯಾಯಿತು. ವ್ಯಾಪಾರಕ್ಕೆ ಬಾಗಿಲು ತೆರೆದದ್ದು ಅಂದೇ. ಬಾಡಿಗೆ ಎಷ್ಟು, ಸರದಿ ಯಾರದು, ನಷ್ಟ ಯಾರ ತಲೆಗೆ ಎಂಬ ಮೂರು ವಿಷಯಗಳು ಕಾನೂನಿನಲ್ಲಿ ಸ್ಪಷ್ಟವಾಗಿದ್ದಷ್ಟೂ ಸಾರ್ವಜನಿಕ ಆಸ್ತಿ ಕ್ಷೇಮವಾಗಿರುತ್ತದೆ, ಹೊಸ ಉದ್ಯಮಕ್ಕೂ ಧೈರ್ಯ ಬರುತ್ತದೆ.