ಕಚೇರಿಯ ಗಾಳಿಯೂ ಗಂಧವೂ

ತೆಕ್ಕಟ್ಟೆಯಲ್ಲಿ ಬೆಳಗಿನ ಹೊತ್ತು ಬಸ್ಸು ಹತ್ತಿದವರಿಗೆ ಈ ದೃಶ್ಯ ಹೊಸತಲ್ಲ. ಚಾಲಕನು ಮುಂದಿನ ಗಾಜಿನ ಬಳಿಯ ದೇವರ ಪಟಕ್ಕೆ ಒಂದು ತುಂಡು ಮಲ್ಲಿಗೆ ಸಿಕ್ಕಿಸಿ, ಎರಡು ಊದುಬತ್ತಿ ಹಚ್ಚಿ, ಕೈಮುಗಿದು ಆಮೇಲೆ ಬಂಡಿಯನ್ನು ಹೊರಡಿಸುತ್ತಾನೆ. ಬಸ್ಸು ಕುಂಭಾಶಿಯನ್ನು ದಾಟುವಷ್ಟರಲ್ಲಿ ಹೊಗೆಯೆಲ್ಲ ಕಿಟಕಿಯಿಂದ ಹಾರಿಹೋಗಿ, ನವಿರಾದ ಕಂಪು ಮಾತ್ರ ಉಳಿದಿರುತ್ತದೆ. ಅದಕ್ಕೆ ಯಾರ ಆಕ್ಷೇಪವೂ ಇದ್ದುದನ್ನು ನಾನು ಕಾಣೆ.

ಈಚೆಗೆ ಅದೇ ಹೆದ್ದಾರಿಯ ಮಗ್ಗುಲಿನ ಒಂದು ಕಚೇರಿಯಲ್ಲಿ ಅರ್ಧ ತಾಸು ಕುಳಿತಿರಬೇಕಾಯಿತು. ಹಣ ಕಟ್ಟುವ, ತೆಗೆಯುವ ಜಾಗ, ಹೆಸರು ಬೇಡ. ಕೋಣೆಯನ್ನು ತಣ್ಣಗಿಡುವ ಯಂತ್ರವಿದ್ದುದರಿಂದ ಕಿಟಕಿಗಳೆಲ್ಲ ಭದ್ರವಾಗಿ ಮುಚ್ಚಿದ್ದುವು. ಗೋಡೆಯ ಮೇಲಿನ ಸಣ್ಣ ಪೆಟ್ಟಿಗೆಯೊಂದು ಆಗಾಗ ‘ಚುಸ್’ ಎಂದು ಪರಿಮಳವನ್ನು ಚಿಮುಕಿಸುತ್ತಿತ್ತು. ಅದರ ಕೆಳಗೆ ಕುಳಿತ ಗುಮಾಸ್ತೆ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡೇ ಬರೆಯುತ್ತಿದ್ದರು. ಅವರಿಗೆ ಉಬ್ಬಸದ ತೊಂದರೆಯೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಮೀನು ಮಾರುವ ವೃದ್ಧೆಯೊಬ್ಬಳು ಬುಟ್ಟಿಯನ್ನು ಹೊರಗಿರಿಸಿ ಒಳಬಂದು, ಸೆರಗಿನ ಗಂಟು ಬಿಚ್ಚಿ ನೋಟುಗಳನ್ನು ಮುಂದಿಟ್ಟಳು. ಎದುರಿಗಿದ್ದ ತರುಣನು ಏನೂ ಮಾತಾಡದೆ ಮೇಜಿನ ಕೆಳಗಿನಿಂದ ಡಬ್ಬಿಯೊಂದನ್ನು ತೆಗೆದು ಗಾಳಿಗೆ ಎರಡು ಸಲ ಪಿಚಕಾರಿ ಹೊಡೆದನು. ಮುದುಕಿ ಕೋಪಿಸಿಕೊಳ್ಳಲಿಲ್ಲ. “ಮಗಾ, ದುಡ್ಡಿಗೂ ಇದೇ ವಾಸ್ನಿ, ಎಣ್ಸಿ ಕಾಣ್” ಎಂದಳು, ಅಷ್ಟೆ. ಇತ್ತ ಗುಮಾಸ್ತೆಗೆ ಕೆಮ್ಮು ಹತ್ತಿ, ಅವರು ಎದ್ದು ಹೊರಗೆ ಹೋದರು.

ವಿಷಯ ಚಿಕ್ಕದು. ಆದರೆ ಆ ಡಬ್ಬಿ ತೆಕ್ಕಟ್ಟೆಯ ಮೇಜಿನ ಕೆಳಗೆ ಬಂದು ಕೂರುವುದಕ್ಕೆ ಮುಂಚೆ ಬಹುದೂರದ ಹಾದಿಯನ್ನು ಸವೆಸಿದೆ. ಆ ಹಾದಿಯನ್ನು ಹಿಂದಕ್ಕೆ ನಡೆದು ನೋಡಿದರೆ ನಮ್ಮ ಈಗಿನ ನಡತೆಯ ಮೇಲೂ ಸ್ವಲ್ಪ ಬೆಳಕು ಬೀಳಬಹುದು.

ಸುಗಂಧವೆಂಬುದು ನಮಗೆ ಪರದೇಶದಿಂದ ಬಂದ ಶೋಕಿಯಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ‘ಬೃಹತ್ಸಂಹಿತೆ’ಯಲ್ಲಿ ಗಂಧಯುಕ್ತಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಕನ್ನಡದಲ್ಲಿ ಚಾವುಂಡರಾಯನು 1025ರ ಸುಮಾರಿಗೆ ಬರೆದ ‘ಲೋಕೋಪಕಾರ’ವು ಮನೆ ಕಟ್ಟುವುದು, ನೀರಿನ ನೆಲೆ ಕಾಣುವುದು, ಅಡುಗೆ, ಔಷಧಿ ಇವುಗಳ ಸಾಲಿನಲ್ಲೇ ಸುಗಂಧದ್ರವ್ಯಗಳ ತಯಾರಿಕೆಯನ್ನೂ ಹೇಳುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಧೂಪವು ಅರಸನ ಭೋಗಗಳಲ್ಲಿ ಒಂದು. ಅರಸನಿಗೆ ಅದು ಭೋಗ. ಗೃಹಸ್ಥನಿಗೆ ಅಡುಗೆ, ಔಷಧಿಗಳಂತೆ ಬಾಳಿನ ಒಂದು ಉಪಯುಕ್ತ ವಿದ್ಯೆ.

ನಮ್ಮ ಕರಾವಳಿಗೆ ಬೇಕಾದ ಧೂಪದ್ರವ್ಯವನ್ನು ಬೆನ್ನಿಗಿರುವ ಘಟ್ಟವೇ ಕೊಡುತ್ತಿತ್ತು. ಸಾಲುಧೂಪ, ರಾಳಧೂಪದ ಮರಗಳ ಅಂಟು. ಊದುಬತ್ತಿಯ ಹಿಟ್ಟಿಗೆ ಜಿಗುಟನ್ನೂ ಕಂಪನ್ನೂ ಕೊಡುವ ಹಾಲುಮಡ್ಡಿ. ಸಂಜೆಯ ಹೊತ್ತು ಕೆಂಡದ ಮೇಲೆ ಚಿಟಿಕೆ ಧೂಪ ಉದುರಿಸಿದರೆ ದೇವರಿಗೂ ಆಯಿತು, ಸೊಳ್ಳೆಗೂ ಆಯಿತು. ಬಾಣಂತಿಯ ತಲೆಗೂದಲನ್ನು ಆರಿಸುವುದಕ್ಕೂ ಅದೇ ಹೊಗೆ. ಆದರೆ ಇದೆಲ್ಲ ನಡೆದುದು ಎಂಥ ಮನೆಯಲ್ಲಿ ಎಂಬುದನ್ನು ಗಮನಿಸಬೇಕು. ಮುಂದೆ ತೆರೆದ ಜಗಲಿ, ನಡುವೆ ಅಂಗಳ, ಮೇಲೆ ಹುಲ್ಲಿನ ಅಥವಾ ಹಂಚಿನ ಮಾಡು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹಂಚು ಈ ಕರಾವಳಿಯಲ್ಲೆಲ್ಲ ಹರಡಿತು. ಹಂಚಿಗೂ ಹಂಚಿಗೂ ನಡುವಿನ ಸಂದಿನಿಂದ ಹೊಗೆ ತಾನಾಗಿ ಮೇಲೇರಿ ಹೋಗುತ್ತಿತ್ತು. ಪಡುವಣ ಕಡಲ ಗಾಳಿ ಉಳಿದುದನ್ನು ಒಯ್ಯುತ್ತಿತ್ತು. ಧೂಪ ಹಾಕುವುದು ನಮ್ಮ ಕೆಲಸ, ಅದನ್ನು ಹದಕ್ಕೆ ತರುವುದು ಗಾಳಿಯ ಕೆಲಸ. ಈ ಪಾಲುಗಾರಿಕೆಯನ್ನು ಯಾರೂ ಬರೆದಿಡಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ.

ಸುಗಂಧವು ಯಂತ್ರದ ಸರಕಾದುದು ಒಂದು ಯುದ್ಧದ ದೆಸೆಯಿಂದ. ಮೈಸೂರು ಸೀಮೆಯ ಶ್ರೀಗಂಧದ ಕೊರಡು ಅದುವರೆಗೆ ಹಡಗೇರಿ ಯೂರೋಪಿಗೆ, ವಿಶೇಷವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ತೊಡಗಿ ಆ ಮಾರ್ಗ ಮುಚ್ಚಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಡ್‌ಬರೋ, ವಾಟ್ಸನ್ ಎಂಬ ವಿದ್ವಾಂಸರು ಗಂಧದೆಣ್ಣೆಯನ್ನು ಇಲ್ಲಿಯೇ ಇಳಿಸುವ ಪ್ರಯೋಗ ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಎಣ್ಣೆಯ ಕಾರ್ಖಾನೆ ಎದ್ದಿತು; ಬೆನ್ನಿಗೆ ಗಂಧದ ಸಾಬೂನೂ ಬಂದಿತು. ಅರಸರ ಮೈಯ ಕಂಪು ಹೀಗೆ ಕಾಗದದ ಪೆಟ್ಟಿಗೆಯಲ್ಲಿ ಕುಳಿತು ಸಾಮಾನ್ಯರ ಬಚ್ಚಲಿಗೆ ನಡೆಯಿತು. ಇದು ಸಂತೋಷದ ವಿಷಯವೇ.

ಪಿಚಕಾರಿ ಡಬ್ಬಿಯ ಕಥೆಯೂ ಯುದ್ಧದ್ದೇ, ಎರಡನೆಯದ್ದು. ಬಿಸಿ ಸೀಮೆಗಳಲ್ಲಿ ಕಾದಾಡುತ್ತಿದ್ದ ಅಮೆರಿಕದ ಸೈನಿಕರನ್ನು ಮಲೇರಿಯದ ಸೊಳ್ಳೆಗಳಿಂದ ಕಾಪಾಡಲು, ಗುಡ್‌ಹ್ಯೂ ಮತ್ತು ಸಲ್ಲಿವನ್ ಎಂಬಿಬ್ಬರು ಒತ್ತಿದರೆ ಮಂಜಿನಂತೆ ಕೀಟನಾಶಕ ಚಿಮ್ಮುವ ಡಬ್ಬಿಯನ್ನು ರೂಪಿಸಿದರು. ಯುದ್ಧ ಮುಗಿಯಿತು, ಡಬ್ಬಿ ಉಳಿಯಿತು. ವ್ಯಾಪಾರಿಗಳು ಅದರೊಳಗೆ ಔಷಧಿಯ ಬದಲು ಪರಿಮಳವನ್ನು ತುಂಬಿದರು. ಅದನ್ನು ಚಿಮ್ಮಿಸುವ ಅನಿಲವು ಆಕಾಶದ ಓಜೋನ್ ಪದರವನ್ನು ಕೊರೆಯಬಲ್ಲುದೆಂದು 1974ರಲ್ಲಿ ಮೊಲಿನಾ ಮತ್ತು ರೋಲಂಡ್ ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ಆ ಅನಿಲವನ್ನು ಕ್ರಮೇಣ ಕೈಬಿಡಲಾಯಿತು. ಮೂಗಿಗೆ ಹಿತವಾದುದೆಲ್ಲ ಗಾಳಿಗೂ ಹಿತವಲ್ಲವೆಂಬ ಪಾಠವನ್ನು ಲೋಕವು ಆಗಲೇ ಒಮ್ಮೆ ಕಲಿತಿತ್ತು.

ಇದಕ್ಕಿಂತ ಹಳೆಯ ಪಾಠವೊಂದುಂಟು. ದುರ್ವಾಸನೆಯೇ ರೋಗವನ್ನು ತರುತ್ತದೆಂದು ಯೂರೋಪಿನವರು ಬಹುಕಾಲ ನಂಬಿದ್ದರು. ಆದುದರಿಂದ ಸುವಾಸನೆಯೇ ಮದ್ದು ಎಂದೂ ಎಣಿಸಿದ್ದರು. ಮ್ಯೂನಿಕ್ ನಗರದ ಪೆಟ್ಟೆನ್‌ಕೋಫರ್ ಎಂಬ ವೈದ್ಯನು 1858ರಲ್ಲಿ ಕೋಣೆಯ ಗಾಳಿ ಎಷ್ಟು ಕೆಟ್ಟಿದೆಯೆಂಬುದನ್ನು ಅಳೆಯಲು ಅದರಲ್ಲಿರುವ ಇಂಗಾಲಾಮ್ಲವನ್ನು ಗುರುತಾಗಿ ಹಿಡಿದನು. ನಮ್ಮ ಉಸಿರಿನಿಂದ ಬರುವ ಆ ಅನಿಲ ಸಾವಿರ ಪಾಲಿಗೆ ಒಂದು ಪಾಲು ಮುಟ್ಟಿತೆಂದರೆ ಹೊಸ ಗಾಳಿ ಬೇಕು ಎಂಬುದು ಅವನ ಲೆಕ್ಕ. ಕೋಣೆಯಲ್ಲಿ ಕೊಳೆ ಬಿದ್ದಿದ್ದರೆ ಮೊದಲು ಅದನ್ನು ಹೊರಕ್ಕೆ ಹಾಕಿ, ಗಾಳಿಯ ಮಾತು ಆಮೇಲೆ ಎಂಬುದೂ ಅವನದೇ ವಿವೇಕ. ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆಯೂ ತನ್ನ 13ನೆಯ ಕಲಮಿನಲ್ಲಿ, ಕೆಲಸದ ಕೋಣೆಯಲ್ಲಿ ಹೊಸ ಗಾಳಿ ಸಾಕಷ್ಟು ಆಡುವಂತೆ ನೋಡಿಕೊಳ್ಳುವ ಹೊಣೆಯನ್ನು ಹೊರಿಸಿತು. ಅದು ಕೇಳಿದ್ದು ಗಾಳಿಯನ್ನು, ಪರಿಮಳವನ್ನಲ್ಲ.

ಹಾಗಾದರೆ ನಮ್ಮ ಕಚೇರಿಯಲ್ಲಿ ಕೆಟ್ಟದ್ದು ಯಾವುದು? ಬಸ್ಸಿನಲ್ಲಿ ಹಿತವಾಗಿದ್ದ ಊದುಬತ್ತಿಯನ್ನೇ ಮುಚ್ಚಿದ ಕೋಣೆಯಲ್ಲಿ ಹಚ್ಚಿದರೆ ಅದರ ಸಣ್ಣ ಕಣಗಳು ಹೊರಗೆ ಹೋಗದೆ ಎಲ್ಲರ ಶ್ವಾಸಕೋಶವನ್ನೂ ಹುಡುಕಿಕೊಂಡು ಬರುತ್ತವೆ. ಡಬ್ಬಿಯ ಪರಿಮಳವೂ ನಿರಪರಾಧಿಯಲ್ಲ. ನಿಂಬೆ, ಕಿತ್ತಳೆಯ ಕಂಪನ್ನು ಕೊಡುವ ಲಿಮೊನೀನ್ ಎಂಬ ದ್ರವ್ಯವು ಗಾಳಿಯಲ್ಲಿರುವ ಓಜೋನಿನೊಡನೆ ಕೂಡಿ ಫಾರ್ಮಾಲ್ಡಿಹೈಡನ್ನು ಹುಟ್ಟಿಸಬಲ್ಲುದು. ಪ್ರಮಾಣ ಅಲ್ಪವಿದ್ದರೆ ಹೆಚ್ಚಿನವರಿಗೆ ಗೊತ್ತೂ ಆಗದಿರಬಹುದು; ಉಬ್ಬಸದವರಿಗೆ ಪರಿಮಳದ ಒಂದು ಪಿಚಕಾರಿಯೇ ಸಾಕಾಗಬಹುದು. ಮನೆಯಲ್ಲಾದರೆ ಅವರು ಕಿಟಕಿ ತೆರೆದಾರು. ಕಚೇರಿಯಲ್ಲಿ ಕಿಟಕಿಯೂ ಅವರದಲ್ಲ, ಎದ್ದುಹೋಗುವ ಸ್ವಾತಂತ್ರ್ಯವೂ ಅವರದಲ್ಲ.

ಇನ್ನು ಮೀನಿನ ಮಾತು. ಕಡಲಿಂದ ಆಗತಾನೆ ಬಂದ ಮೀನಿಗೆ ಅಷ್ಟೇನೂ ವಾಸನೆಯಿಲ್ಲ. ಹೊತ್ತು ಕಳೆದಂತೆ ಸೂಕ್ಷ್ಮಜೀವಿಗಳು ಅದರಲ್ಲಿ ಟ್ರೈಮಿಥೈಲಮೀನ್ ಎಂಬುದನ್ನು ಉಂಟುಮಾಡುತ್ತವೆ. ಹುಳಿ ತಾಗಿದರೆ ಅದರ ಘಾಟು ಅಡಗುತ್ತದೆ. ಮೀನು ಹೆಚ್ಚಿದ ಕೈಗೆ ಹುಣಸೆಹಣ್ಣು ತಿಕ್ಕಿಕೊಳ್ಳುವ ಹೆಂಗಸಿಗೆ ಈ ರಸಾಯನಶಾಸ್ತ್ರ ಯಾರೂ ಹೇಳಿಕೊಡದೆಯೇ ಗೊತ್ತು. ಅವಳು ವಾಸನೆಯನ್ನು ಅಡಗಿಸುತ್ತಾಳೆ. ಡಬ್ಬಿಯವನು ಅದರ ಮೇಲೆ ಇನ್ನೊಂದು ವಾಸನೆಯನ್ನು ಹೊದಿಸುತ್ತಾನೆ. ಹೊದಿಸುವ ಭರದಲ್ಲಿ ಎದುರಿಗಿರುವ ಮನುಷ್ಯಳ ಮುಖದ ಮೇಲೂ ಒಂದು ಪರದೆಯನ್ನು ಎಳೆದುಬಿಡುತ್ತಾನೆ. ಈ ಜಿಲ್ಲೆಯ ಮಟ್ಟಿಗೆ ಇದು ಹೆಚ್ಚು ನಾಚಿಕೆಯ ಸಂಗತಿ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದ ಸಿಂಡಿಕೇಟ್ ಬ್ಯಾಂಕು, 1928ರಲ್ಲಿ ಪಿಗ್ಮಿ ಠೇವಣಿಯನ್ನು ತೊಡಗಿ, ದಿನಕ್ಕೆ ಎರಡಾಣೆಯಂತಹ ಚಿಲ್ಲರೆಯನ್ನು ಬಡವರ ಮನೆಬಾಗಿಲಿಗೆ ಹೋಗಿ ಎತ್ತಿತು. ಹಣದ ಕಚೇರಿಯೇ ದುಡಿಮೆಯ ವಾಸನೆ ಇದ್ದಲ್ಲಿಗೆ ನಡೆದುಹೋದ ಕಾಲವದು. ಈಗ ಆ ದುಡಿಮೆ ತಾನಾಗಿ ಕಚೇರಿಗೆ ಬಂದರೆ ನಾವು ಪಿಚಕಾರಿ ಹಿಡಿಯುತ್ತೇವೆ!

ಕೆನಡಾದ ಹ್ಯಾಲಿಫ್ಯಾಕ್ಸ್ ನಗರದಲ್ಲಿ ಆಸ್ಪತ್ರೆ, ಶಾಲೆ, ಕಚೇರಿಗಳಿಗೆ ಸುಗಂಧ ಹಚ್ಚಿಕೊಂಡು ಬರಬಾರದೆಂಬ ಕಟ್ಟಳೆ ಹಲವು ಕಡೆ ಜಾರಿಗೆ ಬಂದಿತು. ಹೆರಳಿಗೆ ಮಲ್ಲಿಗೆ ಮುಡಿಯುವ ನಾಡಿನಲ್ಲಿ ಅಂಥ ಕಟ್ಟಳೆ ಸಲ್ಲದು, ಬೇಕಾಗಿಯೂ ಇಲ್ಲ. ಬೆಳಗ್ಗೆ ಬಾಗಿಲು ತೆರೆದೊಡನೆ ಅರ್ಧ ತಾಸು ಕಿಟಕಿಗಳನ್ನೂ ತೆರೆದಿಡಬಹುದು. ದೇವರ ಪಟದ ಊದುಬತ್ತಿಯನ್ನು ಗಾಳಿಯಾಡುವ ಹೊಸ್ತಿಲ ಬಳಿ ಹಚ್ಚಬಹುದು; ದೇವರು ಬೇಸರಿಸಲಾರನು. ಗೋಡೆಗೆ ಪೆಟ್ಟಿಗೆ ಹಾಕುವ ಮುಂಚೆ ಅದರ ಕೆಳಗೆ ಕೂರುವವರನ್ನು ಒಂದು ಮಾತು ಕೇಳಬಹುದು.

ಅಂದು ನನ್ನ ಕೆಲಸ ಮುಗಿಸಿ ಹೊರಗೆ ಬಂದಾಗ ಆ ಗುಮಾಸ್ತೆ ಇನ್ನೂ ಮೆಟ್ಟಿಲ ಬಳಿ ನಿಂತು ಉಸಿರನ್ನು ಸುಧಾರಿಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಮೀನಿನ ಬುಟ್ಟಿ ಇತ್ತು. ಮುದುಕಿ ಅವರಿಗೆ ತನ್ನ ಕುಡಿಯುವ ನೀರಿನ ಬಾಟಲಿಯನ್ನು ಹಿಡಿದಿದ್ದಳು. ಅವರು ಅದನ್ನು ತೆಗೆದುಕೊಂಡು ಎರಡು ಗುಟುಕು ಕುಡಿದರು. ಪಡುವಣ ಗಾಳಿ ಬೀಸುತ್ತಿತ್ತು. ಅಲ್ಲಿ ನಿಂತ ನಮಗೆ ಮೂವರಿಗೂ ಉಸಿರಾಡಲು ಯಾವ ತೊಂದರೆಯೂ ಇರಲಿಲ್ಲ.